ತೊಟ್ಟಿಲು ಕಟ್ಟಿದವರಿಗೆ ನೀರು ಅಗ್ಗ

ಹೋದ ಸೋಮವಾರ ಬೆಳಿಗ್ಗೆ ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ತೊಟ್ಟಿಲು ತೂಗುತ್ತಿದ್ದವು. ಓಣಿಯಲ್ಲಿ ಇದ್ದ ಕೂಸು ಮಾತ್ರ ಒಂದೇ.

ಎಣಿಕೆ ತಪ್ಪಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು, ಹನ್ನೊಂದರವರೆಗೆ ಎಣಿಸಲು ಬರುತ್ತದೆ. ಮೊದಲ ಮನೆಯ ತೊಟ್ಟಿಲಲ್ಲಿ ಮಡಚದ ಬಟ್ಟೆ ತುಂಬಿತ್ತು. ಎರಡನೆಯದರಲ್ಲಿ ಬೆಕ್ಕು ಮಲಗಿತ್ತು. (ಬೆಕ್ಕಿನ ಮಟ್ಟಿಗೆ ಇದು ಒಳ್ಳೆಯ ಯೋಜನೆ.) ಮೂರನೆಯದರಲ್ಲಿ ಮನೆಯ ಯಜಮಾನರ ಮೊಬೈಲ್ ಚಾರ್ಜ್ ಆಗುತ್ತಿತ್ತು. ನನ್ನ ಮೈದುನ ಈರಣ್ಣನ ಮನೆಯಲ್ಲಂತೂ ಕೌದಿ ಹೊದ್ದು, ತಲೆಗೆ ಕುಂಚಿಗೆ ಕಟ್ಟಿಸಿಕೊಂಡು ಒಂದು ಕುಂಬಳಕಾಯಿ ಸುಖವಾಗಿ ಮಲಗಿತ್ತು.

ಇದೆಲ್ಲ ಯಾಕೆ ಅಂತೀರಾ? ನೀರಿನ ಬಿಲ್ಲಿಗಾಗಿ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಆ ಹನ್ನೊಂದು ತೊಟ್ಟಿಲುಗಳನ್ನು ಕಟ್ಟಿಸಿದವಳು ನಾನೇ.

ಮೊದಲಿನಿಂದ ಹೇಳುತ್ತೇನೆ. ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಮ್ಮೂರಿನ ನೀರಿನ ದರವನ್ನು ನಾನು ಹಿಗ್ಗಾಮುಗ್ಗಾ ಬೈದದ್ದು ನಿಮಗೆ ನೆನಪಿರಬಹುದು. (ನೆನಪಿಲ್ಲದಿದ್ದರೂ ಬೇಸರವಿಲ್ಲ. ನಮ್ಮ ಮನೆಯವರಿಗೂ ನೆನಪಿಲ್ಲ.) ಊರ ಹೆಸರು ಮಾತ್ರ ಕೇಳಬೇಡಿ, ಅದೇ ಓಣಿಯಲ್ಲಿ ನಾನು ಇನ್ನೂ ಬಾಳಬೇಕು. ಸಂಶಿ, ಯರಗುಪ್ಪಿಯ ಕಡೆ ಎಲ್ಲೋ ಎರೆಹೊಲಗಳ ನಡುವೆ, ಬಸ್ಸಿನಲ್ಲಿ ಒಂದು ಸಲ ಆಕಳಿಸುವಷ್ಟರಲ್ಲಿ ದಾಟಿಹೋಗುವ ಊರು ಅಂದುಕೊಳ್ಳಿ.

ಆಗ ನಮ್ಮಲ್ಲಿ ನಲ್ಲಿಗಿಷ್ಟು ಅಂತ ತಿಂಗಳಿಗೆ ಒಂದೇ ದರ. ಗಂಡ ಹೆಂಡತಿ ಇಬ್ಬರೇ ಇರುವ ನಮ್ಮ ಮನೆಗೂ ಅಷ್ಟೇ, ದಿನಾ ಸಂಜೆ ಟ್ರ್ಯಾಕ್ಟರ್ ತೊಳೆಯುವ ಈರಣ್ಣನ ಮನೆಗೂ ಅಷ್ಟೇ. ಅವನ ಹಿತ್ತಲಲ್ಲಿ ಬೋರ್ ಇಲ್ಲವೇ? ಇದೆ. ಆದರೆ ನಮ್ಮ ಕಡೆಯ ಬೋರಿನ ನೀರು ಸವುಳು. ಟ್ರ್ಯಾಕ್ಟರಿನ ಮೇಲೆ ಬಿದ್ದರೆ ಬಿಳಿ ಬಿಳಿ ಕಲೆ ಕೂಡುತ್ತದೆ. ಹಾಗಾಗಿ ಟ್ರ್ಯಾಕ್ಟರಿಗೆ ಕುಡಿಯುವ ನೀರಿನ ಸ್ನಾನ, ಈರಣ್ಣನಿಗೆ ಬೋರಿನ ನೀರಿನ ಸ್ನಾನ. ಇದು ನ್ಯಾಯವೇ ಎಂದು ಅಂಕಣದಲ್ಲಿ ಕೇಳಿದ್ದೆ. ಮೈದುನನ ಹೆಸರು ಬರೆದಿರಲಿಲ್ಲ, ಟ್ರ್ಯಾಕ್ಟರಿನ ಬಣ್ಣ ಬರೆದಿದ್ದೆ. ಊರಿಗೆ ಅಷ್ಟು ಸಾಕಾಯಿತು.

ಅಂಕಣ ಅಚ್ಚಾಗಿ ಮೂರು ದಿನಕ್ಕೆ ಪಂಚಾಯ್ತಿಯ ಪಿಡಿಒ ಮನೆಗೆ ಬಂದರು. ಹೊಸದಾಗಿ ವರ್ಗವಾಗಿ ಬಂದ ಹುಡುಗ, ನನ್ನ ಮಗನಿಗಿಂತ ಚಿಕ್ಕವರು. ಜಗಳಕ್ಕೆ ಬಂದಿರಬೇಕು ಅಂದುಕೊಂಡು ಚಹಾಕ್ಕೆ ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದೆ. ಅವರು ಶಾಂತವಾಗಿ ಕುಡಿದರು. ಮನೆಮನೆಗೂ ಮೀಟರ್ ಕೂಡಿಸಿದ್ದಾಗಿದೆ, ಅವು ಬರೀ ತಿರುಗುತ್ತಿವೆ, ಇನ್ನು ಮುಂದೆ ಮೀಟರ್ ನೋಡಿಯೇ ದರ ಹಾಕಬೇಕು, ಅದಕ್ಕೊಂದು ಸಮಿತಿ ಮಾಡಿದ್ದೇವೆ, ಬರೆದವರೇ ಬಂದು ಲೆಕ್ಕ ಹಾಕಿಕೊಡಿ ಎಂದರು.

ನಿವೃತ್ತಳಾದ ಮೇಲೆ ನನ್ನನ್ನು ಯಾರೂ ಲೆಕ್ಕ ಹಾಕಲು ಕರೆದಿರಲಿಲ್ಲ. ಮೊಮ್ಮಗ ಕೂಡ ಮೊಬೈಲನ್ನೇ ಕೇಳುತ್ತಾನೆ. ಅವರ ಕಪ್ಪು ಬಸಿ ಎತ್ತಿಡುವ ಮೊದಲೇ ಹೂಂ ಅಂದುಬಿಟ್ಟೆ.

ಸಮಿತಿಯಲ್ಲಿ ಪಿಡಿಒ ಅವರನ್ನು ಬಿಟ್ಟು ಏಳು ಜನ. ಅಧ್ಯಕ್ಷರು (ಅಂದರೆ ಅಧ್ಯಕ್ಷೆಯ ಯಜಮಾನರು), ಕಿರಾಣಿ ಅಂಗಡಿಯವರು, ಊರ ನಾಲ್ಕು ಹಿರಿಯರು ಮತ್ತು ನಾನು. ಹೆಂಗಸು ನಾನೊಬ್ಬಳೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮರ್ಯಾದೆ ಹೋಗುವಾಗ ಬೇಕಾಗುತ್ತದೆ.

ಮೊದಲ ಮೀಟಿಂಗಿನಲ್ಲಿ ಹಿರಿಯರೊಬ್ಬರು ನೀರಿಗೆ ರೊಕ್ಕ ಇಡುವುದೇ ಪಾಪ ಎಂದರು. ದೇವರು ಕೊಟ್ಟ ನೀರಂತೆ. ಪಿಡಿಒ ನಗುತ್ತ ಹೌದ್ರಿ ಅಂದರು. ಆದರೆ ದೇವರು ಕೆರೆಯಲ್ಲಿ ಕೊಟ್ಟಿದ್ದಾನೆ, ಅಲ್ಲಿಂದ ಟ್ಯಾಂಕಿಗೆ ಏರಿಸುವ ಪಂಪಿನ ಕರೆಂಟ್ ಬಿಲ್ ಪಂಚಾಯ್ತಿಗೆ ಬರುತ್ತದೆ, ಪೈಪು ಒಡೆದರೆ ಪೈಪು, ಮೋಟರ್ ಸುಟ್ಟರೆ ಮೋಟರ್, ವಾಟರ್‌ಮನ್ ಪಗಾರ, ಬ್ಲೀಚಿಂಗ್ ಪೌಡರ್ ಎಂದು ಬೆರಳು ಮಡಚುತ್ತ ಹೋದರು. ಇದೇ ಹಿರಿಯರು ದಿನಾ ಬೆಳಿಗ್ಗೆ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಂತು ಯಂತ್ರಕ್ಕೆ ನಾಣ್ಯ ಹಾಕುವುದನ್ನು ನಾನೇ ನೋಡಿದ್ದೇನೆ. ಯಂತ್ರದ ಹತ್ತಿರ ಯಾರೂ ದೇವರ ಮಾತು ಎತ್ತುವುದಿಲ್ಲ. ಪಂಚಾಯ್ತಿ ಕೇಳಿದರೆ ಮಾತ್ರ ಎಲ್ಲರಿಗೂ ಗಂಗಾಮಾತೆ ನೆನಪಾಗುತ್ತಾಳೆ.

ಆ ದಿನ ಪಿಡಿಒ ಆಡಿದ ಒಂದು ಮಾತು ನನಗೆ ಬಹಳ ಹಿಡಿಸಿತು. "ದರ ಅಂದ್ರ ಹೆಂಗಿರಬೇಕ್ರಿ ಅಂದ್ರ, ನಾಳೆ ಯಾರರ ಮುಂದ ನಿಂತು ಯಾಕ ಇಷ್ಟು ಅಂತ ಕೇಳಿದ್ರ, ನಾವು ನೆಲಾ ನೋಡಬಾರದ್ರಿ." ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಮೊದಲು ಕಸದ ಗಾಡಿಯ ದರ ಬಂತು. ರೈತರ ಮನೆಯವರು ಕೊಡುವುದಿಲ್ಲ ಎಂದು ಕೂತರು. ಅವರ ಮಾತಿನಲ್ಲೂ ಅರ್ಥವಿತ್ತು. ಅವರ ಮನೆಯ ಕಸ ತಿಪ್ಪೆಗೆ ಹೋಗುತ್ತದೆ, ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ನಡುವೆ ಗಾಡಿಗೇನು ಕೆಲಸ? ಗಾಡಿ ಓಡಿಸುವ ಹೆಣ್ಣುಮಗಳನ್ನೇ ಕರೆದು ಕೇಳಿದೆವು. ಅರ್ಧ ಗಾಡಿ ತುಂಬುವುದು ಅಂಗಡಿಗಳ ಮುಂದೆ ಮತ್ತು ಎಗ್‌ರೈಸ್ ಗಾಡಿಯ ಹತ್ತಿರ, ಮನೆಗಳಿಂದ ಬರುವುದು ಬರೀ ಪ್ಲಾಸ್ಟಿಕ್ ಎಂದಳು. ಸರಿ, ಮನೆಗೆ ಕಡಿಮೆ, ಅಂಗಡಿಗೆ ಜಾಸ್ತಿ ಅಂತ ಬರೆದೆವು. ಕಿರಾಣಿ ಅಂಗಡಿಯವರು ಗೊಣಗಿದರು, ಆದರೂ ಸಹಿ ಹಾಕಿದರು. ಆ ದರ ಇವತ್ತಿಗೂ ಸುಸೂತ್ರವಾಗಿ ನಡೆದಿದೆ. ಅದರಲ್ಲಿ ನನ್ನ ಗಣಿತ ಇರಲಿಲ್ಲ.

ನನ್ನ ಗಣಿತ ಬಂದದ್ದು ನೀರಿಗೆ. ಕರೆಂಟ್ ಬಿಲ್ಲಿನ ಹಾಗೆ ನೀರಿಗೂ ಸ್ಲ್ಯಾಬ್ ಮಾಡೋಣ ಎಂದೆ. ಕಡಿಮೆ ಬಳಸಿದವರಿಗೆ ಕಡಿಮೆ ದರ, ನಡುವಿನವರಿಗೆ ಅದರ ಎರಡರಷ್ಟು, ಮನಸ್ಸಿಗೆ ಬಂದಂತೆ ಸುರಿದವರಿಗೆ ನಾಲ್ಕರಷ್ಟು. ಗೋಡೆಗೆ ಒರಗಿಸಿದ್ದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಮೆಟ್ಟಿಲು ಬರೆದು ತೋರಿಸಿದೆ. ಹೆಚ್ಚು ಬಳಸಿದವರು ಹೆಚ್ಚು ಕೊಡಲಿ. ಇದರಲ್ಲಿ ಯಾರು ತಪ್ಪು ಹುಡುಕುತ್ತಾರೆ, ಹುಡುಕಲಿ ನೋಡೋಣ.

ಯಾರೂ ಹುಡುಕಲಿಲ್ಲ. ಎರಡು ನಿಮಿಷದಲ್ಲಿ ಏಳೂ ಜನ ಒಪ್ಪಿದೆವು. ನಮ್ಮೂರಿನಲ್ಲಿ ಏಳು ಜನ ಎರಡು ನಿಮಿಷದಲ್ಲಿ ಯಾವುದನ್ನಾದರೂ ಒಪ್ಪಿದ್ದು ನಾನು ಬೇರೆ ಕಂಡಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಂತೋಷದಿಂದ ಮನೆಗೆ ಬಂದು, ಬೋರಿನ ನೀರಿನಲ್ಲಿ ಕೈಕಾಲು ತೊಳೆದುಕೊಂಡು, ನಲ್ಲಿಯ ನೀರಿನಲ್ಲಿ ಚಹಾ ಮಾಡಿ ಕುಡಿದೆ.

ತಿಂಗಳು ಕಳೆಯಿತು. ವಾಟರ್‌ಮನ್ ಗದಿಗೆಪ್ಪ ಮೀಟರ್ ಓದಿ, ಬಿಲ್ಲು ಹಂಚಿ, ವಾರದ ಮೇಲೆ ಆ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದ. ಮೇಲಿನ ಸ್ಲ್ಯಾಬಿನಲ್ಲಿ ಮೊದಲ ಹೆಸರು ಈರಣ್ಣನದೇ ಇರುತ್ತದೆ ಎಂದು ನಾನು ಕನ್ನಡಕ ಏರಿಸಿ ಕೂತೆ. ಈರಣ್ಣ ಕೆಳಗಿನ ಸ್ಲ್ಯಾಬಿನಲ್ಲಿ ಆರಾಮಾಗಿ ಕೂತಿದ್ದ. ಹೇಗೆ? ಅವನ ಮನೆಯಲ್ಲಿ ಮೂರು ಮೀಟರ್. ಒಂದು ಅವನ ಹೆಸರಿಗೆ, ಇನ್ನೆರಡು ಇಬ್ಬರು ಗಂಡುಮಕ್ಕಳ ಹೆಸರಿಗೆ. ಒಲೆ ಒಂದೇ, ಟ್ರ್ಯಾಕ್ಟರ್ ಒಂದೇ, ಮೀಟರ್ ಮಾತ್ರ ಮೂರು.

ಪುಸ್ತಕದ ಪ್ರಕಾರ ಇಡೀ ಊರಿಗೆ ಅತಿ ಹೆಚ್ಚು ನೀರು ಬಳಸಿದ ಮನೆ ಯಾವುದು ಗೊತ್ತೇ? ನಮ್ಮ ಹಿತ್ತಲ ಗೋಡೆಯ ಆಚೆಯ ಮಾಬೂಬಿಯ ಮನೆ.

ಎರಡು ಖೋಲಿಯ ಮನೆ ಅದು. ಗಂಡ ಸಂಶಿಗೆ ಟಂಟಂ ಓಡಿಸುತ್ತಾನೆ, ಮಾಬೂಬಿ ಕೌದಿ ಹೊಲಿಯುತ್ತಾಳೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಒಂದು ದಿನವೂ ಕೈ ಎತ್ತದೆ, ಒಂದು ಪ್ರಶ್ನೆಯನ್ನೂ ಕೇಳದೆ, ಗಣಿತದಲ್ಲಿ ಹೇಗೋ ಪಾಸಾಗಿ ಹೋದವಳು. ಇವಳ ಮನೆಯಲ್ಲಿ ಅಷ್ಟು ನೀರು ಎಲ್ಲಿ ಹೋಗುತ್ತದೆ? ಪೈಪು ಎಲ್ಲೋ ಸೋರುತ್ತಿರಬೇಕು, ನೋಡಿ ಬಾ ಎಂದೆ.

ಗದಿಗೆಪ್ಪ ನನ್ನ ಮುಖವನ್ನೇ ನೋಡಿದ. "ಸೋರಿಕಿ ಇಲ್ರಿ ಅಕ್ಕೋರ. ಬಾಣಂತಿ ಅದಾಳ್ರಿ ಮನ್ಯಾಗ."

ಅಣ್ಣಿಗೇರಿಗೆ ಕೊಟ್ಟ ಮಗಳು ರೇಷ್ಮಾ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ನಾನೇ ಹೋಗಿ ಕೈಯಲ್ಲಿ ರೊಕ್ಕ ಇಟ್ಟು, ಕೂಸಿನ ಗಲ್ಲ ಸವರಿ ಬಂದಿದ್ದೆ. ಬಂದು, ಸ್ಲ್ಯಾಬ್ ಬರೆದಿದ್ದೆ.

ಎರಡು ಹೆತ್ತವಳು ನಾನು. ಮಗಳ ಬಾಣಂತನ ಮಾಡಿದವಳು ನಾನು. ನನ್ನ ಬಾಣಂತನದಲ್ಲಿ ನಮ್ಮವ್ವ ಹಂಡೆ ಖಾಲಿಯಾಗುವ ತನಕ ಬೆನ್ನಿಗೆ ಬಿಸಿನೀರು ಹೊಡೆಯುತ್ತಿದ್ದಳು, ಸಾಕವ್ವ ಎಂದರೂ ಬಿಡುತ್ತಿರಲಿಲ್ಲ. ಆಮೇಲೆ ಕೂಸಿಗೆ ಎರೆಯುವುದು. ಆಮೇಲೆ ಕೂಸಿನ ಬಟ್ಟೆ, ಬಾಣಂತಿಯ ಬಟ್ಟೆ. ಲೆಕ್ಕಕ್ಕೆ ನೋಡಿದರೆ ಊರಿನಲ್ಲಿ ಅತಿ ಹೆಚ್ಚು ನೀರು ಬೇಕಾಗುವುದು ಒಂದು ಗುಟುಕು ನೀರನ್ನೂ ಕುಡಿಯದ ಪ್ರಾಣಿಗೆ. ಆರು ಜನ ಗಂಡಸರು ಮರೆತರೆ ಕ್ಷಮಿಸಬಹುದು. ಏಳನೆಯವಳಾಗಿ ನಾನು ಅಲ್ಲಿ ಏನು ಮಾಡುತ್ತ ಕೂತಿದ್ದೆ?

ಆಗ ಇನ್ನೊಂದು ಹೊಳೆಯಿತು. ದಿನಾ ಹತ್ತು ಗಂಟೆಯ ಸುಮಾರಿಗೆ ಗೋಡೆಯ ಆಚೆಯಿಂದ ಲೋಬಾನದ ವಾಸನೆ ಬರುತ್ತಿತ್ತು, ಕೂಸಿಗೆ ಎರೆದ ಮೇಲೆ ಹಾಕುವ ಹೊಗೆ. ಬಿಲ್ಲು ಹಂಚಿ ವಾರವಾಗಿತ್ತು. ಆ ವಾರದಲ್ಲಿ ವಾಸನೆ ಬಂದದ್ದು ಎರಡೇ ಸಲ.

ಗೋಡೆ ಸುತ್ತಿ ಅವರ ಮನೆಗೆ ಹೋದೆ. ಮಾಬೂಬಿ ಕೌದಿಯಿಂದ ಸೂಜಿ ತೆಗೆದು, ಚಾಪೆ ಹಾಸಿ, ಚಹಾಕ್ಕೆ ಇಟ್ಟಳು. ಯಾಕೆ ದಿನಾ ಎರೆಯುತ್ತಿಲ್ಲ ಎಂದು ಕೇಳಿದೆ. ಥಂಡಿ ಐತ್ರಿ, ಮೂರು ದಿನಕ್ಕೊಮ್ಮೆ ಎರೆದರೂ ನಡೆಯುತ್ತದೆ ಎಂದಳು. ಹೊರಗೆ ಬಿಸಿಲು ಹಂಚು ಕಾಯಿಸುತ್ತಿತ್ತು. ಒಳಗಿನ ಖೋಲಿಯಲ್ಲಿ ರೇಷ್ಮಾ ಮುಖ ಆ ಕಡೆ ಮಾಡಿ ಕೂತಿದ್ದಳು. ಬಿಲ್ಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೂಸು ನನ್ನ ತೊಟ್ಟಿಲಲ್ಲಿ ಮಲಗಿತ್ತು.

ಆ ತೊಟ್ಟಿಲ ವಿಷಯ ಹೇಳಲೇಬೇಕು. ನನ್ನ ಮೊದಲ ಮಗುವಿನ ಹೆಸರಿಡುವ ದಿನ ತವರಿನವರು ಕಲಘಟಗಿಯಿಂದ ಮಾಡಿಸಿ ತಂದದ್ದು. ಕೆಂಪು, ಹಳದಿ ಬಣ್ಣ ಇನ್ನೂ ನಿನ್ನೆ ಹಚ್ಚಿದಂತಿದೆ. ಬದಿಯಲ್ಲಿ ಒಂದು ಗಿಳಿ, ಅದರ ಮೂಗನ್ನು ನನ್ನ ಮಗ ಹಲ್ಲು ಬರುವಾಗ ಕಚ್ಚಿ ತಿಂದಿದ್ದಾನೆ. ನಮ್ಮ ಮಕ್ಕಳ ನಂತರ ಅದು ಮನೆಯಲ್ಲಿ ನಿಂತದ್ದೇ ಕಡಿಮೆ. ಓಣಿಯಲ್ಲಿ ಎಲ್ಲಿ ಹೆರಿಗೆಯಾದರೂ ಅಲ್ಲಿಗೆ ಹೋಗುತ್ತದೆ, ಕೂಸು ತೊಟ್ಟಿಲು ಬಿಟ್ಟ ಮೇಲೆ ಮುಂದಿನ ಮನೆಗೆ ಹೋಗುತ್ತದೆ. ಜಾತಿ ಕೇಳಿಲ್ಲ, ಬಾಡಿಗೆ ಕೇಳಿಲ್ಲ. ಮಾಬೂಬಿಯ ಮೂರು ಮಕ್ಕಳೂ ಅದರಲ್ಲೇ ಮಲಗಿದವರು, ಈ ರೇಷ್ಮಾಳೂ ಸೇರಿ.

ಆ ತೊಟ್ಟಿಲನ್ನು ನೋಡುತ್ತಲೇ ನನಗೆ ಐಡಿಯಾ ಬಂದದ್ದು. ನನಗೆ ಐಡಿಯಾ ಬಂದಾಗಲೆಲ್ಲ ಊರಿಗೆ ಕಷ್ಟ.

ಎರಡನೇ ಮೀಟಿಂಗ್ ಕರೆಸಿದೆ. ಮೊದಲು ಈರಣ್ಣನ ಲೆಕ್ಕ ಮುಗಿಸಿದೆ. ಒಂದು ಒಲೆಗೆ ಒಂದೇ ಬಿಲ್, ಮೀಟರ್ ಎಷ್ಟೇ ಇರಲಿ, ಓದಿದ್ದನ್ನೆಲ್ಲ ಕೂಡಿಸಿ ಹಾಕುವುದು. ಆಮೇಲೆ ಬಾಣಂತಿ ಇರುವ ಮನೆಗೆ ಮೇಲಿನ ಸ್ಲ್ಯಾಬ್ ಬೇಡ ಎಂದೆ. ಸರಿ ಎಂದರು. ಬಾಣಂತಿ ಇದ್ದಾಳೆ ಅಂತ ತಿಳಿಯುವುದು ಹೇಗೆ? ರೇಷ್ಮಾಳ ತಾಯಿ ಕಾರ್ಡು ಗಂಡನ ಊರಿನದು, ಹೆರಿಗೆ ಹುಬ್ಬಳ್ಳಿ ಆಸ್ಪತ್ರೆಯಲ್ಲಿ, ಜನನ ಪ್ರಮಾಣಪತ್ರ ಇನ್ನೂ ಬಂದಿಲ್ಲ. ನಮ್ಮ ಪಂಚಾಯ್ತಿಯ ಯಾವ ಕಾಗದದಲ್ಲೂ ಆ ಕೂಸು ಹುಟ್ಟಿಯೇ ಇಲ್ಲ. ಕಾಗದ ಕೇಳಿದರೆ ಅದು ಬರುವಷ್ಟರಲ್ಲಿ ಕೂಸು ಅಂಗನವಾಡಿಗೆ ಹೋಗುತ್ತದೆ.

ಆಗ ನಾನು ಗತ್ತಿನಿಂದ ಎದ್ದು ನಿಂತು ಬೋರ್ಡಿನ ಮೇಲೆ ಬರೆದೆ: "ತೊಟ್ಟಿಲು ಕಟ್ಟಿದ ಮನೆಗೆ ಮೇಲಿನ ಸ್ಲ್ಯಾಬ್ ಇಲ್ಲ." ಗದಿಗೆಪ್ಪ ಹೇಗೂ ಮೀಟರ್ ಓದಲು ಮನೆಮನೆಗೆ ಹೋಗುತ್ತಾನೆ. ಒಳಗೆ ಇಣುಕಿದರೆ ಕಾಣುತ್ತದೆ. ಅರ್ಜಿ ಇಲ್ಲ, ಝೆರಾಕ್ಸ್ ಇಲ್ಲ, ಯಾರ ಕೈಕಾಲು ಹಿಡಿಯುವುದೂ ಇಲ್ಲ. ಏಳೂ ಜನ ಮತ್ತೆ ಎರಡು ನಿಮಿಷದಲ್ಲಿ ಒಪ್ಪಿದೆವು. ಸಂಜೆಯೊಳಗೆ ಊರ ವಾಟ್ಸ್ಯಾಪ್ ಗ್ರೂಪಿನಲ್ಲಿ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಮರುದಿನದಿಂದ ಊರಿನಲ್ಲಿ ಅಟ್ಟ ಹತ್ತದವರೇ ಇಲ್ಲ. ಅಜ್ಜಂದಿರು ಮಲಗಿದ್ದ ತೊಟ್ಟಿಲುಗಳೆಲ್ಲ ಧೂಳು ಕೊಡವಿಕೊಂಡು ಕೆಳಗಿಳಿದವು. ತೊಟ್ಟಿಲಿಲ್ಲದವರು ಹಣ್ಣಿನ ಪೆಟ್ಟಿಗೆಗೆ ಹಗ್ಗ ಕಟ್ಟಿದರು. ಒಬ್ಬರಂತೂ ಬಸ್ಸು ಹತ್ತಿ ಕಲಘಟಗಿಗೇ ಹೋಗಿ ರೇಟು ಕೇಳಿ ಬಂದರಂತೆ. ಮದುವೆಯನ್ನೇ ಮಾಡಿಕೊಳ್ಳದ, ಅರವತ್ತು ದಾಟಿದ ನಮ್ಮ ಓಣಿಯ ಟೇಲರ್ ಕೂಡ ಒಂದು ಕಟ್ಟಿದರು. ಮೇಲಿನ ಸ್ಲ್ಯಾಬಿನ ಹತ್ತಿರವೂ ಸುಳಿಯದ ಮನೆಯವರು ಕಟ್ಟಿದರು, ಇರಲಿ ಅಂತ. ನಾಚಿಕೆ ಆಗುವುದಿಲ್ಲವೇ ಎಂದು ಆಮೇಲೊಮ್ಮೆ ಒಬ್ಬಾಕೆಯನ್ನು ಕೇಳಿದರೆ, ನಾಳೆ ಸೊಸೆ ಹಡೆದಾಳು, ಮೊದಲೇ ಕಟ್ಟಿಟ್ಟರೆ ಏನು ತಪ್ಪು ಎಂದಳು. (ಮಗ ಒಂಬತ್ತನೇ ತರಗತಿ.)

ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ಶುಕ್ರವಾರ ನಾನು ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗಿದ್ದೆ. ಕಣ್ಣಿಗೆ ಔಷಧಿ ಹಾಕಿ, ಮುಚ್ಚಿಕೊಂಡು ಕೂಡಿ ಅಂದಿದ್ದರು. ಆಗ ಈರಣ್ಣನ ಫೋನು. ವೈನಿ, ನಿಮ್ಮ ತೊಟ್ಟಿಲು ಒಂದೆರಡು ದಿನ ಬೇಕಿತ್ತು, ಒಯ್ಯಲೇನು ಎಂದು ಕೇಳಿದ. ಅವನ ಹೆಂಡತಿಯ ಕಡೆ ಯಾರದೋ ಹೆಸರಿಡುವುದು ಇರಬೇಕು ಅಂದುಕೊಂಡೆ. "ಒಯ್ಯಪಾ, ನನ್ನೇನ ಕೇಳ್ತಿ" ಅಂದೆ. ತೊಟ್ಟಿಲು ಆಗ ಯಾರ ಮನೆಯಲ್ಲಿದೆ, ಅದರಲ್ಲಿ ಯಾರು ಮಲಗಿದ್ದಾರೆ, ಒಂದೂ ನನ್ನ ತಲೆಗೆ ಬರಲಿಲ್ಲ. ಕಣ್ಣು ಮುಚ್ಚಿದ್ದೆ ಎಂಬುದು ನೆಪವಲ್ಲ, ನಿಜಕ್ಕೂ ಮುಚ್ಚಿದ್ದೆ.

ಸೋಮವಾರ ಮೀಟರ್ ಓದುವ ದಿನ. ಬೆಳಿಗ್ಗೆಯೇ ಪಿಡಿಒ ಫೋನ್ ಮಾಡಿ, ಊರಿನಲ್ಲಿ ಇಷ್ಟೊಂದು ಹೆರಿಗೆ ಆದದ್ದು ಆಸ್ಪತ್ರೆಯವರಿಗೇ ಗೊತ್ತಿಲ್ಲವಂತೆ, ನೀವು ಗದಿಗೆಪ್ಪನ ಜೊತೆ ಒಂದು ಸುತ್ತು ಹೋಗಿ ಬರುತ್ತೀರಾ ಎಂದು ಕೇಳಿದರು. ಹೋದೆ. ಬಟ್ಟೆ, ಬೆಕ್ಕು, ಮೊಬೈಲ್ ನಿಮಗೆ ಆಗಲೇ ಹೇಳಿದ್ದೇನೆ. ಗದಿಗೆಪ್ಪ ಪ್ರತಿ ಮನೆಯಲ್ಲೂ ಇಣುಕಿ, ಪುಸ್ತಕದಲ್ಲಿ ಸರಿ ಗುರುತು ಹಾಕುತ್ತಿದ್ದ. ಇದೇನು, ಬೆಕ್ಕಿಗೂ ರಿಯಾಯಿತಿಯೇ ಎಂದರೆ ಅವನು ಪುಟ ತಿರುವಿ ಮುಂದಿನ ಮನೆಗೆ ನಡೆದ.

ಈರಣ್ಣನ ಮನೆಯ ಬಾಗಿಲಲ್ಲಿ ಈರಣ್ಣ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಅಂಗಳದಲ್ಲಿ ಟ್ರ್ಯಾಕ್ಟರ್ ಫಳಫಳ ಹೊಳೆಯುತ್ತಿತ್ತು.

"ಸಾವಕಾಶ ಬರ್ರಿ ವೈನಿ, ಈಗ ಮಲಗೇತಿ."

ಅವನ ಕಿರಿಯ ಮಗ ಡಿಗ್ರಿ ಎರಡನೇ ವರ್ಷದಲ್ಲಿದ್ದಾನೆ. ನಾನು ಒಳಗೆ ಹೋಗಿ ಕುಂಚಿಗೆ ಎತ್ತಿದೆ. ಕುಂಬಳಕಾಯಿ. ನಗು ತಡೆಯಲಾಗಲಿಲ್ಲ, ಈರಣ್ಣನೂ ನಕ್ಕ, ಗದಿಗೆಪ್ಪನೂ ನಕ್ಕ. ನಗುತ್ತ ನಗುತ್ತ ತೊಟ್ಟಿಲ ಅಂಚು ಹಿಡಿದುಕೊಂಡೆ. ಕೈಗೆ ಮೂಗಿಲ್ಲದ ಗಿಳಿ ಸಿಕ್ಕಿತು.

ಇದನ್ನು ಎಲ್ಲಿಂದ ತಂದೆ ಎಂದು ಕೇಳಿದೆ. ಮಾಬೂಬಿಯ ಮನೆಯಿಂದ ಎಂದ. ನೀವೇ ಒಯ್ಯಿ ಅಂದಿರಲ್ಲ ಎಂದ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ಬೇಜಾರು. ನಿಜಕ್ಕೂ ಅಂದಿದ್ದೆ.

ನಾನು ಅಲ್ಲಿಂದಲೇ ಮಾಬೂಬಿಯ ಮನೆಗೆ ಹೊರಟೆ. ಗದಿಗೆಪ್ಪ ಪುಸ್ತಕ ಹಿಡಿದು ಹಿಂದೆ ಬಂದ. ಮಾಬೂಬಿಯ ಮನೆಯಲ್ಲಿ ತೊಲೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿತ್ತು. ಕೂಸು ಅದರೊಳಗೆ ಮುದುಡಿಕೊಂಡು ಮಲಗಿತ್ತು, ಒಂದು ಪುಟ್ಟ ಪಾದ ಹೊರಗೆ ಬಂದಿತ್ತು. ಓಣಿಗೆಲ್ಲ ಇದ್ದ ಒಂದೇ ಕೂಸು. ಗದಿಗೆಪ್ಪ ಮೀಟರ್ ಓದಿದ, ಒಳಗೆ ಇಣುಕಿದ, ಪುಸ್ತಕದಲ್ಲಿ ತಪ್ಪು ಗುರುತು ಹಾಕಿದ.

ಇದೇನು ಮಾಡಿದೆ ಎಂದು ನಾನು ಜೋರಾಗಿಯೇ ಕೇಳಿದೆ.

"ಬರದಾವ್ರು ನೀವ ಅಲ್ರಿ ಅಕ್ಕೋರ. ತೊಟ್ಟಿಲು ಅಂತ ಬರದೀರಿ. ಕೂಸು ಅಂತ ಎಲ್ಲೆ ಬರದೀರಿ?"

ಅವನ ಮೇಲೆ ಸಿಟ್ಟು ಬಂತು. ಆದರೆ ಬೋರ್ಡಿನ ಮೇಲಿನ ಅಕ್ಷರ ನನ್ನದೇ. ಮಾಬೂಬಿಯ ಕಡೆ ತಿರುಗಿ, ಅವನು ಬಂದು ಕೇಳಿದ ಕೂಡಲೇ ಯಾಕೆ ಕೊಟ್ಟೆ ಎಂದೆ.

"ನೀವ ಕೊಡು ಅಂದೀರಿ ಅಂತ ಹೇಳಿದ್ರು. ನಿಮ್ದ ಐತೆಲ್ರಿ ಅಕ್ಕೋರ, ಹೆಂಗ ಒಲ್ಲೆ ಅನ್ನೂದು?"

ತೊಟ್ಟಿಲಿಲ್ಲದಿದ್ದರೆ ಮೇಲಿನ ದರ ಬೀಳುತ್ತದೆ ಎಂದು ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ಗೊತ್ತಿತ್ರಿ" ಎಂದಳು. ಅಷ್ಟೇ ಹೇಳಿ ಜೋಳಿಗೆಯಿಂದ ಹೊರಬಂದ ಪಾದವನ್ನು ಒಳಗೆ ಸೇರಿಸಿದಳು.

ನನಗೆ ಅಳು ಬಂತು. ಕಣ್ಣಿಗೆ ಹಾಕಿದ ಔಷಧಿ ಎಂದು ಸುಳ್ಳು ಹೇಳಲೂ ಆಗಲಿಲ್ಲ, ಅದು ಶುಕ್ರವಾರದ ಮಾತು. ನೀರಿಗಾಗಿ ಓಣಿಯೆಲ್ಲ ತೊಟ್ಟಿಲು ಕಟ್ಟಿತ್ತು. ನನ್ನ ಮಾತಿಗಾಗಿ ಇವಳೊಬ್ಬಳು ಬಿಚ್ಚಿ ಕೊಟ್ಟಿದ್ದಳು. ಆ ಮಾತನ್ನು ನಾನು ಯೋಚಿಸಿ ಕೂಡ ಆಡಿರಲಿಲ್ಲ.

ಅರ್ಧ ಗಂಟೆಯಲ್ಲಿ ತೊಟ್ಟಿಲು ಮರಳಿ ಬಂತು. ಈರಣ್ಣನ ಕೈಯಲ್ಲೇ ಹೊರಿಸಿದೆ, ಅದೂ ಹಿತ್ತಲ ಸಂದಿಯಿಂದಲ್ಲ, ಓಣಿಯ ನಡುವೆ, ಎಲ್ಲರೂ ಕಟ್ಟೆಯ ಮೇಲೆ ಕೂತಿರುವಾಗ. ಪಾಪ, ಅವನೂ ಕೆಟ್ಟವನಲ್ಲ. ತೊಟ್ಟಿಲನ್ನು ತೊಲೆಗೆ ಅವನೇ ಕಟ್ಟಿದ, ಗಂಟು ಎರಡು ಸಲ ಜಗ್ಗಿ ನೋಡಿದ, ಕೂಸನ್ನು ನೋಡಿ ಅಗದಿ ನಿನ್ನ ಹಂಗ ಐತಿ ನೋಡು ಎಂದು ರೇಷ್ಮಾಳಿಗೆ ಹೇಳಿದ. ಕುಂಬಳಕಾಯಿಯನ್ನು ಮಾತ್ರ ನಾನು ದಂಡವಾಗಿ ಇಟ್ಟುಕೊಂಡೆ. ಪಲ್ಯ ಚೆನ್ನಾಗಿತ್ತು.

ಪಿಡಿಒ ಅವರಿಗೆ ಫೋನ್ ಮಾಡಿ, ಈ ತಿಂಗಳು ಆ ಮನೆಗೆ ಕೆಳಗಿನ ದರವೇ, ಬೇಕಾದರೆ ಸಮಿತಿಯ ತಪ್ಪು ಎಂದು ನಾನೇ ಬರೆದುಕೊಡುತ್ತೇನೆ ಎಂದೆ. ಅವರು ಕೂಡಲೇ ಒಪ್ಪಿದರು. ಮರುದಿನ ಹತ್ತು ಗಂಟೆಗೆ ಗೋಡೆಯ ಆಚೆಯಿಂದ ಲೋಬಾನದ ವಾಸನೆ ಬಂತು. ಅದರ ಮರುದಿನವೂ ಬಂತು.

ಗುರುವಾರ ಮೂರನೇ ಮೀಟಿಂಗ್. ಈ ಸಲ ಮಾಬೂಬಿಯನ್ನೂ ಕರೆಯೋಣ ಎಂದು ನಾನೇ ಹಟ ಹಿಡಿದೆ. ಆಕೆ ಬಂದಳು, ಕುರ್ಚಿ ಬೇಡ ಎಂದು ಬಾಗಿಲ ಹತ್ತಿರ ನಿಂತಳು. ಹಿಂದಿನ ಬೆಂಚಿನವರು ಎಲ್ಲಿ ಹೋದರೂ ಹಿಂದೆಯೇ ಜಾಗ ಹುಡುಕುತ್ತಾರೆ. ನಾನು ಬೋರ್ಡು ಒರೆಸಿ ಹೊಸ ನಿಯಮ ಬರೆಯಲು ಸೀಮೆಸುಣ್ಣ ಹಿಡಿದೆ. ತೊಟ್ಟಿಲಲ್ಲಿ ಕೂಸು ಇದ್ದರೆ ಮಾತ್ರ ಎಂದು ಬರೆಯೋಣ, ಎಷ್ಟು ತಿಂಗಳ ಕೂಸು ಎಂದೂ ಬರೆಯೋಣ, ಬೆಕ್ಕು ನಡೆಯುವುದಿಲ್ಲ ಎಂದೂ ಸೇರಿಸೋಣ ಎಂದು ಹಿರಿಯರು ಒಬ್ಬೊಬ್ಬರಾಗಿ ಹೇಳುತ್ತಿದ್ದರು.

ಬಾಗಿಲ ಹತ್ತಿರ ಮಾಬೂಬಿ ಕೈ ಎತ್ತಿದಳು. ಮೂರು ವರ್ಷ ನನ್ನ ಕ್ಲಾಸಿನಲ್ಲಿ ಎತ್ತದ ಕೈ.

"ಬಾಣಂತನ ಮುಗದು ನನ್ನ ಮಗಳು ಹೋಗ್ತಾಳ್ರಿ. ಆಮ್ಯಾಲೂ ನಮಗ ಕುಡ್ಯಾಕೂ ನಲ್ಲಿ ನೀರ, ಬಟ್ಟಿ ಒಗ್ಯಾಕೂ ನಲ್ಲಿ ನೀರ. ನೀವು ಏಳು ಮಂದಿ ದರಾ ಬರದೀರಲ್ರಿ, ಇದರಾಗ ಮನ್ಯಾಗ ಬೋರ್ ಇಲ್ಲದಾವ್ರು ಯಾರದಾರ್ರಿ?"

ನಾನು ಮನಸ್ಸಿನಲ್ಲೇ ಎಣಿಸಿದೆ. ಅಧ್ಯಕ್ಷರ ಹಿತ್ತಲಲ್ಲಿ ಬೋರ್ ಇದೆ. ಕಿರಾಣಿ ಅಂಗಡಿಯವರಿಗೆ ಎರಡಿವೆ. ನಾಲ್ಕೂ ಹಿರಿಯರ ಮನೆಯಲ್ಲಿದೆ. ನನ್ನ ಮನೆಯಲ್ಲಿದೆ. ಬಟ್ಟೆ, ಪಾತ್ರೆ, ಸ್ನಾನ, ಗಿಡ, ಎಲ್ಲ ಅದರಲ್ಲೇ, ಅದಕ್ಕೆ ಮೀಟರ್ ಇಲ್ಲ. ನಲ್ಲಿಯಿಂದ ನಾನು ಹಿಡಿಯುವುದು ಅನ್ನಕ್ಕೆ ಮತ್ತು ಚಹಾಕ್ಕೆ. ನಾನು ಅಷ್ಟು ಚೆಂದಾಗಿ ಬರೆದ ಮೂರು ಮೆಟ್ಟಿಲಿನಲ್ಲಿ ಏಳೂ ಜನ ಕೆಳಗಿನ ಮೆಟ್ಟಿಲಲ್ಲೇ ಇದ್ದೆವು. ಎರಡು ನಿಮಿಷದಲ್ಲಿ ಒಪ್ಪಿದ್ದು ಸುಮ್ಮನೆ ಅಲ್ಲ. ಯಾರೂ ಮೋಸ ಮಾಡಿರಲಿಲ್ಲ, ಯಾರಿಗೂ ತೊಂದರೆ ಕಾಣಿಸಿರಲಿಲ್ಲ, ಅಷ್ಟೇ.

ಪಿಡಿಒ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಪಕ್ಕದಲ್ಲಿ ಇನ್ನೂ ಆರು ಜನ ಅದನ್ನೇ ನೋಡುತ್ತಿದ್ದರು.

ಸೀಮೆಸುಣ್ಣವನ್ನು ಮಾಬೂಬಿಯ ಕೈಗೆ ಕೊಟ್ಟಿದ್ದೇನೆ. ಮನೆಯಲ್ಲಿ ಎಷ್ಟು ಜನ, ಬೋರ್ ಇದೆಯೋ ಇಲ್ಲವೋ, ಅಲ್ಲಿಂದ ಲೆಕ್ಕ ಶುರುವಾಗಿದೆ. ಈ ಸಲ ಎರಡು ನಿಮಿಷದಲ್ಲಿ ಮುಗಿಯುವ ಲಕ್ಷಣ ಇಲ್ಲ. ಅಲ್ಲಿಯವರೆಗೆ ನೀವೊಂದು ಕೆಲಸ ಮಾಡಿ. ನಿಮ್ಮೂರಿನಲ್ಲೂ ನೀರಿಗೊಂದು ದರ ಇರುತ್ತದೆ, ಅದನ್ನು ಬರೆದವರೂ ಇರುತ್ತಾರೆ. ಅವರು ಬೆಳಿಗ್ಗೆ ಸ್ನಾನ ಮಾಡುವುದು ಯಾವ ನೀರಿನಲ್ಲಿ ಎಂದು ಒಮ್ಮೆ ಕೇಳಿ ನೋಡುತ್ತೀರಾ?